ಬೈಕ್ ಚೈನ್ ಪದೇ ಪದೇ ಸಡಿಲವಾಗುತ್ತಿದೆ. ಒಂದು ಲಿಂಕ್ ತೆಗೆಸಿದರೆ ಸಾಕಾ, ಸೆಟ್ಟೇ (ಚೈನ್ ಜೊತೆಗೆ ಅದು ಕೂರುವ ಮುಂದಿನ, ಹಿಂದಿನ ಹಲ್ಲುಚಕ್ರಗಳೂ) ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. 22 ಸಾವಿರ ಕಿ.ಮೀ. ಓಡಿದ ಚೈನ್. ಮೊದಲು ಎರಡು ತಿಂಗಳಿಗೊಮ್ಮೆ ಬಿಗಿ ಮಾಡಿದರೆ ಸಾಕಿತ್ತು, ಈಗ ವಾರ ತುಂಬುವಷ್ಟರಲ್ಲಿ ಮತ್ತೆ ಲೂಸ್. ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಕೊನೆಯ ಗೀಟಿನ ಹತ್ತಿರ ಬಂದಿದೆ. ನಿಧಾನವಾಗಿ ಹೋಗುವಾಗ ಕಟಕಟ ಸದ್ದು. ಮೆಕ್ಯಾನಿಕ್ ಒಂದು ಲಿಂಕ್ ತೆಗೆದು ಕೊಡುತ್ತೇನೆ ಎಂದಿದ್ದಾರೆ. ಹಿಂದಿನ ಸ್ಪ್ರಾಕೆಟ್, ಅಂದರೆ ಹಲ್ಲುಚಕ್ರ, ನೋಡಲು ಚೆನ್ನಾಗೇ ಇದೆ, ಹಾಗಾಗಿ ಚೈನ್ ಮಾತ್ರ ಹೊಸದು ಹಾಕಿದರೆ ನಡೆಯುತ್ತಾ ಅಂತ ನಿಮಗೆ ಅನುಮಾನ.

ಲಿಂಕ್ ತೆಗೆಸಬೇಡಿ. ಚೈನ್ ಮಾತ್ರ ಬದಲಿಸುವುದೂ ಬೇಡ. ಆದರೆ ನನ್ನ ಮಾತು ನಂಬಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಸ್ಕೇಲ್ ಹಿಡಿದು ನೀವೇ ಅಳೆದು ನೋಡಿ. ಹತ್ತು ನಿಮಿಷದ ಕೆಲಸ.

ಚೈನ್ ಉದ್ದವಾಯಿತು ಎಂದರೆ ಕಬ್ಬಿಣ ರಬ್ಬರಿನ ಹಾಗೆ ಹಿಗ್ಗಿತು ಅಂತಲ್ಲ. ಪ್ರತಿ ಲಿಂಕಿನ ಒಳಗೆ ಒಂದು ಪಿನ್, ಅದರ ಸುತ್ತ ಒಂದು ಬುಷ್ ಇರುತ್ತದೆ. ಚೈನ್ ಸ್ಪ್ರಾಕೆಟ್ ಸುತ್ತುವಾಗೆಲ್ಲ ಇವೆರಡೂ ಒಂದಕ್ಕೊಂದು ಉಜ್ಜುತ್ತವೆ, ಸವೆಯುತ್ತವೆ. ಒಂದೊಂದು ಕಡೆ ಒಂದು ಮಿಲಿಮೀಟರಿನ ಕಾಲು ಭಾಗ ಸವೆದರೂ 120 ಲಿಂಕಿಗೆ ಒಟ್ಟು 30 ಮಿ.ಮೀ. ಆಯಿತು. ಸಣ್ಣ ಬೈಕುಗಳ 428 ಚೈನ್‌ನಲ್ಲಿ ಒಂದು ಲಿಂಕಿನ ಉದ್ದ 12.7 ಮಿ.ಮೀ. ಅಂದರೆ ಸುಮ್ನೆ ಸವೆತದಿಂದಲೇ ಎರಡು ಲಿಂಕಿಗಿಂತ ಜಾಸ್ತಿ ಉದ್ದ ಬಂದುಬಿಟ್ಟಿದೆ!

ನಿಮ್ಮ ಮೆಕ್ಯಾನಿಕ್ ‘ಒಂದು ಲಿಂಕ್’ ಎಂದಿದ್ದು ಬಹುಶಃ ಒಂದು ಜೋಡಿಯನ್ನೇ, ಒಳಗಿನದು ಒಂದು, ಹೊರಗಿನದು ಒಂದು. ಅಷ್ಟು ತೆಗೆಯಲು ಜಾಗ ಸಿಕ್ಕಿದೆ ಎಂದರೆ ಆ ಚೈನ್ ಆಗಲೇ ಮುಗಿದಿದೆ ಎಂದರ್ಥ. ಎರಡು ಲಿಂಕ್ ತೆಗೆದರೆ ಜೋತು ಬೀಳುವುದು ನಿಲ್ಲುತ್ತದೆ, ನಿಜ. ಉಳಿದ 118 ಲಿಂಕುಗಳು ಹಾಗೇ ಸವೆದೇ ಇರುತ್ತವೆ. ಅವುಗಳ ಅಂತರ ಸ್ಪ್ರಾಕೆಟ್ ಹಲ್ಲುಗಳ ಅಂತರಕ್ಕೆ ಹೊಂದುವುದಿಲ್ಲ. ಬುಷ್ ಮೇಲೆ ಉರುಳುವ ರೋಲರ್ ಹಲ್ಲಿನ ಬುಡದಲ್ಲಿ ಕೂರುವ ಬದಲು ತುದಿಯ ಕಡೆಗೆ ಹತ್ತುತ್ತದೆ. ಜೋರಾಗಿ ಎಳೆದಾಗ ಒಂದು ದಿನ ಹಲ್ಲು ದಾಟಿ ಜಾರುತ್ತದೆ.

ಈಗ ಅಳತೆ. ಚೈನ್ ಪ್ಲೇಟಿನ ಮೇಲೆ ನಂಬರ್ ಕೊರೆದಿರುತ್ತದೆ, 428 ಅಥವಾ 520 ಅಂತ. ಮೊದಲ ಅಂಕಿ 4 ಇದ್ದರೆ ಒಂದು ಲಿಂಕ್ ಅರ್ಧ ಇಂಚು, 5 ಇದ್ದರೆ ಒಂದು ಇಂಚನ್ನು ಎಂಟು ಭಾಗ ಮಾಡಿದಾಗ ಐದು ಭಾಗ. ಚೈನ್ ಕೆಳಗಿನ ಸಾಲನ್ನು ಕೈಯಿಂದ ಒತ್ತಿ ಮೇಲಿನ ಸಾಲು ಬಿಗಿಯಾಗುವ ಹಾಗೆ ಮಾಡಿ. ಒಂದು ಪಿನ್ನಿನ ನಡುವಿನಿಂದ ಶುರು ಮಾಡಿ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ಅಲ್ಲಿಗೆ 20 ಲಿಂಕ್. ಹೊಸ 428 ಚೈನ್‌ನಲ್ಲಿ ಇದು 254 ಮಿ.ಮೀ., 520ರಲ್ಲಿ 317.5. ಮೊದಲನೆಯದು 259, ಎರಡನೆಯದು 323 ಮುಟ್ಟಿದ್ದರೆ ಮುಗಿಯಿತು, ಬದಲಿಸಿ. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮೂರು ನಾಲ್ಕು ಕಡೆ ಅಳೆಯಬೇಕು, ಯಾಕೆಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅತಿ ಜಾಸ್ತಿ ಬಂದ ಅಳತೆಯೇ ಲೆಕ್ಕ.

ಪಿನ್ ಎಣಿಸುವಾಗ ಜೋಪಾನ. ನಾನು ಮೊದಲ ಸಲ ಅಳೆದಾಗ 20ನೇ ಪಿನ್ನಿಗೇ ನಿಲ್ಲಿಸಿಬಿಟ್ಟಿದ್ದೆ. 246 ಮಿ.ಮೀ. ಬಂತು. ಎರಡು ವರ್ಷ ಓಡಿದ ಚೈನ್ ಹೊಸದಕ್ಕಿಂತ ಗಿಡ್ಡವಾಗಿದೆ ಅಂತ ಖುಷಿಪಟ್ಟ ಮನುಷ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಸ್ಕೇಲ್ ಇಲ್ಲದಿದ್ದರೆ ಇನ್ನೊಂದು ಉಪಾಯ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ, ನಂಬರ್ ಪ್ಲೇಟ್ ಕಡೆಗೆ, ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಹೊಸದಾದರೆ ಅಲ್ಲಾಡುವುದೇ ಇಲ್ಲ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ಸ್ಪ್ರಾಕೆಟ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ನಿಮ್ಮ ಹಾಗೆಯೇ ಹಿಂದಿನದನ್ನು ನೋಡಿ, ‘ಹಲ್ಲು ಗಟ್ಟಿ ಇದೆ’ ಅಂದುಕೊಂಡು ಚೈನ್ ಮಾತ್ರ ಹಾಕಿಸಿದೆ. ಮುಂದಿನದು ಎಂಜಿನ್ ಪಕ್ಕ ಕವರಿನ ಒಳಗೆ ಇರುತ್ತದೆ. ಅದನ್ನು ನಾನೂ ಬಿಚ್ಚಿಸಲಿಲ್ಲ, ಮೆಕ್ಯಾನಿಕ್ಕೂ ಬಿಚ್ಚಲಿಲ್ಲ. 4 ಸಾವಿರ ಕಿ.ಮೀ. ಆಗುವಷ್ಟರಲ್ಲಿ ಹೊಸ ಚೈನ್ ಹಳೆಯದರ ಹಾಗೆಯೇ ಕುಣಿಯತೊಡಗಿತು. ಕೊನೆಗೆ ಕವರ್ ಬಿಚ್ಚಿದೆ. ಒಳಗೆ ಗ್ರೀಸು, ಧೂಳು, ಮಣ್ಣು ಸೇರಿ ಕಪ್ಪು ಅಂಟು, ಒಂದು ಬೆರಳಷ್ಟು ದಪ್ಪ. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ಸ್ಪ್ರಾಕೆಟ್ ಹೊರತೆಗೆದು ಬಟ್ಟೆಯಲ್ಲಿ ಒರೆಸಿದೆ. ಪ್ರತಿ ಹಲ್ಲಿನ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಚಮಚದಲ್ಲಿ ಬಗೆದ ಹಾಗೆ ಒಳಕ್ಕೆ. ತುದಿ ಕೊಕ್ಕೆಯ ಹಾಗೆ ಬಾಗಿತ್ತು. ಹೆಬ್ಬೆರಳಿನ ಉಗುರು ಎಳೆದರೆ ಒಂದು ದಿಕ್ಕಿನಲ್ಲಿ ಜಾರುತ್ತೆ, ಇನ್ನೊಂದು ದಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೆ. ಆ ಕೊಕ್ಕೆಗಳೇ ಹೊಸ ಚೈನಿನ ರೋಲರುಗಳನ್ನು ತಿಂದಿದ್ದವು.

ಮುಂದಿನದೇ ಬೇಗ ಸವೆಯಲು ಕಾರಣ ಲೆಕ್ಕದಲ್ಲೇ ಇದೆ. ಮುಂದೆ 14 ಹಲ್ಲು, ಹಿಂದೆ 42 ಇದ್ದರೆ ಹಿಂದಿನದು ಒಂದು ಸುತ್ತು ಹಾಕುವಷ್ಟರಲ್ಲಿ ಮುಂದಿನದು ಮೂರು ಸುತ್ತು ಹಾಕಿರುತ್ತದೆ. ಅದರ ಒಂದೊಂದು ಹಲ್ಲಿಗೂ ಮೂರು ಪಟ್ಟು ಕೆಲಸ. ಅದಕ್ಕೇ ಹಿಂದಿನದನ್ನು ನೋಡಿ ಮುಂದಿನದರ ಬಗ್ಗೆ ತೀರ್ಪು ಕೊಡಬಾರದು. ಮೂರನ್ನೂ ಒಟ್ಟಿಗೆ ಹಾಕಿಸಿ.

ಆದರೆ ಕಟಕಟ ಸದ್ದಿಗೆ ಚೈನ್ ಒಂದೇ ಕಾರಣ ಅಂತ ಈಗಲೇ ಹೇಳಲಾರೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಅಲುಗದಂತೆ ಹಿಡಿದು ಸ್ಪ್ರಾಕೆಟ್ಟನ್ನು ಮಾತ್ರ ಹಿಂದೆ ಮುಂದೆ ತಿರುಗಿಸಲು ನೋಡಿ. ಸಲೀಸಾಗಿ ಆಡಿದರೆ ಚಕ್ರದ ನಡುವಿನ ಹಬ್ (hub) ಒಳಗಿನ ರಬ್ಬರುಗಳು ಸವೆದಿವೆ. ಗೇರ್ ಹಾಕಿದಾಗ, ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಬರುವ ಜರ್ಕಿಗೆ ಎಷ್ಟೋ ಸಲ ಅವೇ ಕಾರಣ. ಸ್ಪ್ರಾಕೆಟ್ ಅಡ್ಡಕ್ಕೆ ಅಲ್ಲಾಡಿದರೆ ಬೇರಿಂಗ್ ನೋಡಿಸಿ. ಚಕ್ರ ಹೇಗೂ ಬಿಚ್ಚುತ್ತೀರಲ್ವಾ, ಆಗಲೇ ಇದನ್ನೂ ಮುಗಿಸಿಬಿಡಿ.

ಹೊಸ ಸೆಟ್ ಹಾಕಿದ ಮೇಲೆ ಎಷ್ಟು ಬಿಗಿ ಇರಬೇಕು? ಬಹಳ ಬೈಕುಗಳಿಗೆ ಕೆಳಗಿನ ಸಾಲಿನ ನಡುವೆ ಮೇಲೆ ಕೆಳಗೆ 20ರಿಂದ 35 ಮಿ.ಮೀ. ಒಳಗೆ ಆಟ (ಸಡಿಲ) ಹೇಳಿರುತ್ತಾರೆ. ನಿಮ್ಮದಕ್ಕೆ ಎಷ್ಟು, ಯಾವ ಸ್ಟ್ಯಾಂಡ್ ಮೇಲೆ ಅಳೆಯಬೇಕು ಎನ್ನುವುದು ಪುಸ್ತಕದಲ್ಲೋ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲೋ ಇರುತ್ತದೆ. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಐದಾರು ಕಡೆ ಒತ್ತಿ ನೋಡಿ. ಅತಿ ಬಿಗಿ ಇರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆ ಜಾಗದಲ್ಲೇ ಆಟ ಹೊಂದಿಸಿ. ಸಡಿಲ ಇದ್ದ ಕಡೆ ನೋಡಿ ಬಿಗಿ ಮಾಡಿದರೆ ಬಿಗಿ ಇದ್ದ ಕಡೆ ತಂತಿಯಾಗುತ್ತದೆ.

ಹೆಚ್ಚಿನವರು ಸಡಿಲಕ್ಕೆ ಹೆದರುತ್ತಾರೆ. ನಾನು ಬಿಗಿಗೆ ಜಾಸ್ತಿ ಹೆದರುತ್ತೇನೆ. ಇಬ್ಬರು ಕೂತು ಗುಂಡಿಗೆ ಇಳಿದಾಗ ಹಿಂದಿನ ಶಾಕ್ ಅದುಮುತ್ತದೆ, ಸ್ವಿಂಗ್ ಆರ್ಮ್ ಏಳುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಎಳೆಯುವ ದೂರ ಅತಿ ಹೆಚ್ಚು. ಸ್ಟ್ಯಾಂಡ್ ಮೇಲೆ ಆಟವೇ ಇಲ್ಲದಿದ್ದರೆ ಆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಬೀಳುತ್ತದೆ. ಹಾಗಂತ ತೀರಾ ಜೋತುಬಿದ್ದ ಚೈನಿನಲ್ಲೂ ಓಡಿಸಬೇಡಿ. ಅದು ಕಳಚಿ ಸ್ಪ್ರಾಕೆಟ್ ಮಧ್ಯೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಓಡುತ್ತಲೇ ಜಾಮ್ ಆಗಬಹುದು.

ಸ್ವಿಂಗ್ ಆರ್ಮಿನ ಎರಡೂ ಕಡೆಯ ಗೀಟುಗಳು ಸಮ ಬಂದರೆ ಚಕ್ರ ನೆಟ್ಟಗಿದೆ ಅಂತ ಪೂರ್ತಿ ನಂಬಬೇಡಿ. ಹಿಂದಿನಿಂದ ಬಗ್ಗಿ ಚೈನಿನ ಮೇಲಿನ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿ, ಸ್ಪ್ರಾಕೆಟ್ ಹತ್ತಿರ ಸೊಟ್ಟ ಕಂಡರೆ ಮತ್ತೆ ಹೊಂದಿಸಿ. ಚೈನಿನ ಎರಡು ತುದಿ ಸೇರಿಸುವ ಲಾಕ್ ಕ್ಲಿಪ್ ಇರುವಂಥದ್ದಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮೀನಿನ ಹಾಗೆ ಕಾಣುತ್ತದಲ್ಲ, ತಲೆ ಮುಂದೆ, ಬಾಲ ಹಿಂದೆ.

ಎಣ್ಣೆ ಹಾಕುವ ಮೊದಲು ಚೈನ್ ಯಾವ ಬಗೆಯದು ನೋಡಿ. ಪ್ಲೇಟುಗಳ ನಡುವೆ ಸಣ್ಣ ರಬ್ಬರ್ ಉಂಗುರ ಕಂಡರೆ ಅದು ಓ-ರಿಂಗ್ ಚೈನ್. ಪಿನ್ನಿಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ಒಳಗೆ ತುಂಬಿ ಮುಚ್ಚಿರುತ್ತಾರೆ. ನಾವು ಹಾಕುವ ಎಣ್ಣೆ ರೋಲರಿಗೆ, ತುಕ್ಕು ತಡೆಯಲು, ಉಂಗುರ ಒಣಗದಿರಲು. ಇದನ್ನು ಪೆಟ್ರೋಲಿನಲ್ಲಿ ತೊಳೆದರೆ, ತಂತಿ ಬ್ರಷ್‌ನಲ್ಲಿ ಉಜ್ಜಿದರೆ, ಜೋರು ನೀರು ಬಿಟ್ಟರೆ ಉಂಗುರ ಹಾಳಾಗುತ್ತದೆ. ಸೀಮೆಎಣ್ಣೆ, ಮೆತ್ತನೆಯ ಬ್ರಷ್, ಒಣ ಬಟ್ಟೆ ಸಾಕು. ಉಂಗುರ ಇಲ್ಲದ ಸಾದಾ ಚೈನಿಗೆ ಎಣ್ಣೆ ಪಿನ್ನಿನವರೆಗೂ ಇಳಿಯಬೇಕು, ಪ್ಲೇಟುಗಳ ಸಂದಿಗೇ ಬಿಡಬೇಕು. ಅದಕ್ಕೆ ಆರೈಕೆಯೂ ಜಾಸ್ತಿ.

ನಾನು ಸುಮಾರು 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ನೆನೆದರೆ ಅದೇ ದಿನ, 90 ನಂಬರಿನ ಗೇರ್ ಆಯಿಲ್ ಹಾಕುತ್ತೇನೆ. ಚೈನ್ ಸ್ಪ್ರೇ ಆದರೂ ಸರಿ. ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ, ಕೆಳಗಿನ ಸಾಲಿನ ಒಳಮೈಗೆ. ಓಡುವಾಗ ಎಣ್ಣೆ ಹೊರಕ್ಕೆ ಸಿಡಿಯುತ್ತದೆ, ಒಳಗೆ ಹಾಕಿದರೆ ದಾರಿಯಲ್ಲಿ ರೋಲರಿಗೆ ಸಿಗುತ್ತದೆ. ಮೇಲೆ ಉಳಿದದ್ದನ್ನು ಒರೆಸಿಬಿಡಿ. ಹೊರಗಿನಿಂದ ಗ್ರೀಸ್ ಮೆತ್ತುವುದು ಬೇಡ. ಧೂಳು ಹಿಡಿದು ಉಜ್ಜು ಕಾಗದ ಆಗುತ್ತದೆ, ನನ್ನ ಕವರಿನ ಒಳಗಿದ್ದ ಅಂಟು ಅದೇ.

ಇದನ್ನೆಲ್ಲ ಮಾಡುವಾಗ ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್ ಇರಲಿ, ಚಕ್ರ ಕೈಯಲ್ಲೇ ತಿರುಗಲಿ. ಎಂಜಿನ್ ಸ್ಟಾರ್ಟ್ ಮಾಡಿ ಫಸ್ಟ್ ಗೇರಿನಲ್ಲಿ ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳೂ ಹೋಗುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ.

ಹೊಸ ಸೆಟ್ ಮೊದಲ ಕೆಲವು ನೂರು ಕಿ.ಮೀ.ನಲ್ಲಿ ಸ್ವಲ್ಪ ಸಡಿಲವಾಗಿಯೇ ಆಗುತ್ತದೆ, ಗಾಬರಿ ಬೇಡ, ಒಮ್ಮೆ ಹೊಂದಿಸಿ. ಆ ಮೇಲೂ ವಾರಕ್ಕೊಮ್ಮೆ ಬಿಗಿ ಮಾಡಬೇಕಾಗಿ ಬಂದರೆ ಆ್ಯಕ್ಸಲ್ ನಟ್ ಸರಿಯಾಗಿ ಬಿಗಿದಿದ್ದಾರಾ ನೋಡಿ. ಅಳತೆ ಎಷ್ಟು ಬಂತು, ಚೈನ್ ನಂಬರ್ ಎಷ್ಟು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.