ತಲೆಗೆ ಧರಿಸುವ ಸಾಧನದಲ್ಲಿ ಯಕ್ಷಗಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಯಕ್ಷಗಾನದ ತೆಂಕು ಮತ್ತು ಬಡಗು ತಿಟ್ಟುಗಳ (ದಕ್ಷಿಣ ಹಾಗೂ ಉತ್ತರದ ಶೈಲಿಗಳ) ಆಟಗಳನ್ನು ತೋರಿಸುವ ಒಂದು ಸಣ್ಣ ಆ್ಯಪ್ ನಡೆಸುತ್ತಿದ್ದೇವೆ. ಫೋನಿನಲ್ಲಿಯೂ ಟಿವಿಯಲ್ಲಿಯೂ ಅದು ಚೆನ್ನಾಗಿಯೇ ನಡೆಯುತ್ತಿದೆ. ದುಬೈಯಲ್ಲಿರುವ ಕೆಲವು ಬಳಕೆದಾರರು ಈಗ ತಲೆಗೆ ಧರಿಸಿ ನೋಡುವ ಆ್ಯಪಲ್ ವಿಷನ್ ಪ್ರೊ ಸಾಧನಕ್ಕೂ ಆ್ಯಪ್ ಬೇಕೆಂದು ಕೇಳುತ್ತಿದ್ದಾರೆ. ಇರುವುದನ್ನೇ ದೊಡ್ಡದಾಗಿ ತೋರಿಸಿದರೆ ಸಾಕೇ, ಅಥವಾ ಪ್ರೇಕ್ಷಕರು ರಂಗಸ್ಥಳದ ನಡುವೆಯೇ ನಿಂತು ನೋಡುವಂತೆ ಹೊಸದಾಗಿ ರೂಪಿಸಬೇಕೇ?
– ಓದುಗರೊಬ್ಬರು, ಉಡುಪಿ

ಉತ್ತರ: ಮಾನ್ಯರೆ, ನಿಮ್ಮ ಆ್ಯಪಿಗೆ ಐಪ್ಯಾಡ್ ಆವೃತ್ತಿ ಇದ್ದರೆ ಅದು ಈ ಸಾಧನದಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ, ಬಳಕೆದಾರರ ಕೋಣೆಯಲ್ಲಿ ತೇಲುವ ಒಂದು ಕಿಟಕಿಯಾಗಿ ಕಾಣಿಸಿಕೊಳ್ಳುತ್ತದೆ. ಮೊದಲು ಅಷ್ಟನ್ನು ಮಾಡಿ. ನಿಮ್ಮ ಬಳಿ ಈಗಾಗಲೇ ಇರುವ, ಹಿಂದೆ ಚಿತ್ರೀಕರಿಸಿದ ಆಟಗಳಿಗೆ ಅದೇ ತಕ್ಕ ರೂಪ. ಸುತ್ತಲಿನ ಕೋಣೆಯನ್ನು ತುಸು ಮಬ್ಬಾಗಿಸಿ ಚಿತ್ರವನ್ನು ದೊಡ್ಡದಾಗಿ ತೋರಿಸಿದರೆ ಸಾಕು. ಚಪ್ಪಟೆ ಚಿತ್ರಕ್ಕೆ ಕೃತಕವಾಗಿ ಆಳ ತುಂಬಲು ಹೋದರೆ ಕಿರೀಟದ ಅಂಚುಗಳೇ ಹರಿದಂತೆ ಕಾಣುತ್ತವೆ.

ರಂಗಸ್ಥಳದ ನಡುವೆ ನಿಲ್ಲಿಸುವ ಯೋಚನೆಯನ್ನು ಮಾತ್ರ ಕೈಬಿಡುವುದು ಒಳ್ಳೆಯದು. ವೇಷಧಾರಿಗಳು ಎದುರಿನ ಜನರಿಗಾಗಿ ಕುಣಿಯುತ್ತಾರೆ, ಹಿಂದೆ ಕುಳಿತು ಹಾಡುವ ಭಾಗವತರ ಪದ್ಯಕ್ಕೆ ಅರ್ಥ ಹೇಳುತ್ತಾರೆ. ನಡುವೆ ನಿಂತವರಿಗೆ ಒಬ್ಬರ ಬೆನ್ನು, ಇನ್ನೊಬ್ಬರ ಪಕ್ಕೆ ಕಾಣುವುದಲ್ಲದೆ ಆಟ ಕಾಣುವುದಿಲ್ಲ. ಹೊಸದಾಗಿ ಚಿತ್ರೀಕರಿಸುವುದಾದರೆ, ಮನುಷ್ಯರ ಕಣ್ಣುಗಳಷ್ಟೇ ಅಂತರದಲ್ಲಿ ಎರಡು ಮಸೂರಗಳಿರುವ 180 ಡಿಗ್ರಿ ಕ್ಯಾಮೆರಾವನ್ನು ಮುಂದಿನ ಸಾಲಿನ ಒಂದು ಕುರ್ಚಿಯ ಜಾಗದಲ್ಲಿಟ್ಟು, ಅದನ್ನು ಆಟ ಮುಗಿಯುವವರೆಗೆ ಅಲುಗಾಡಿಸದೆ ಬಿಡಿ. ಕ್ಯಾಮೆರಾ ಚಲಿಸಿದರೆ ಕಣ್ಣು ‘ನಾನು ಚಲಿಸುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ ಇಲ್ಲವೆನ್ನುತ್ತದೆ. ಈ ತಕರಾರಿನಿಂದಲೇ ಹಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಟಿವಿಯ ಅಭ್ಯಾಸದಂತೆ ಮುಖವನ್ನು ಹತ್ತಿರದಿಂದ ತೋರಿಸುವುದೂ ಇಲ್ಲಿ ಸಲ್ಲದು, ಏಕೆಂದರೆ ಬಣ್ಣದ ವೇಷವೊಂದು ಮೂಗಿಗೆ ತಾಗುವಷ್ಟು ಹತ್ತಿರ ನಿಂತಂತಾಗಿ ಕಣ್ಣು ದಣಿಯುತ್ತದೆ. ಎತ್ತರದ ವಿಷಯದಲ್ಲಿಯೂ ಎಚ್ಚರ ಬೇಕು. ತೆಂಕಿನ ದಿಗಿಣಕ್ಕೆ (ಹಾರಿ ಸುತ್ತುವ ಕುಣಿತ) ಮೇಲೆ ಸಾಕಷ್ಟು ಜಾಗ ಬೇಕಾದರೆ, ಬಡಗಿನ ಮಂಡಿ ಕುಣಿತಕ್ಕೆ (ಮಂಡಿಯೂರಿ ಸುತ್ತುವುದು) ರಂಗದ ನೆಲವೇ ಕಾಣಬೇಕು. ವೇದಿಕೆ ಎತ್ತರವಾಗಿದ್ದು ಕ್ಯಾಮೆರಾ ತಗ್ಗಿನಲ್ಲಿದ್ದರೆ ಆ ಕುಣಿತದ ಅರ್ಧ ಭಾಗ ನಷ್ಟವಾಗುತ್ತದೆ. ಇಂಥ ವೇಗದ ಚಲನೆ ಸೆಕೆಂಡಿಗೆ 25 ಅಥವಾ 30 ಫ್ರೇಮುಗಳಲ್ಲಿ ಒಡೆದೊಡೆದು ಕಾಣುವುದರಿಂದ, 60ಕ್ಕಿಂತ ಕಡಿಮೆ ಬೇಡ.

ಚಿತ್ರಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವವರು ಶಬ್ದವನ್ನು ಮರೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕದವರ ಮಿಕ್ಸರಿನಿಂದ ಒಂದೇ ತಂತಿ ಎಳೆದು ಎಲ್ಲವನ್ನೂ ಒಟ್ಟಿಗೆ ಮುದ್ರಿಸುತ್ತಾರೆ. ಹಾಗೆ ಮಾಡಿದರೆ ಚೆಂಡೆ, ಮದ್ದಳೆ, ಭಾಗವತರ ಕಂಠ ಎಲ್ಲವೂ ಒಂದೇ ಬಿಂದುವಿನಿಂದ ಬಂದಂತೆ ಕೇಳಿಸುತ್ತದೆ. ಪ್ರತಿಯೊಂದು ಮೈಕಿನ ಧ್ವನಿಯನ್ನು ಬೇರೆ ಬೇರೆಯಾಗಿ ಪಡೆದು, ಹಿಮ್ಮೇಳದವರು (ಹಾಡುವ, ವಾದ್ಯ ನುಡಿಸುವ ಕಲಾವಿದರು) ಇರುವ ಜಾಗಗಳಲ್ಲಿಯೇ ಆ ಧ್ವನಿಗಳನ್ನು ನೆಲೆಗೊಳಿಸಿ. ಆಗ ಪ್ರೇಕ್ಷಕರು ತಲೆ ತಿರುಗಿಸಿದರೂ ಚೆಂಡೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಬಯಲಿನಲ್ಲಿ ಕುಳಿತ ಅನುಭವ ಬರುವುದರಲ್ಲಿ ಅರ್ಧ ಪಾಲು ಇದರದ್ದೇ ಎಂಬುದು ನನ್ನ ಅಭಿಪ್ರಾಯ, ಖರ್ಚೂ ಕ್ಯಾಮೆರಾದಷ್ಟಿಲ್ಲ.

ಇನ್ನು ಅವಧಿಯ ಮಾತು. 2024ರಲ್ಲಿ ಮಾರಾಟಕ್ಕೆ ಬಂದ ಮೊದಲ ಮಾದರಿಯ ತೂಕ 600ರಿಂದ 650 ಗ್ರಾಂ, ಬ್ಯಾಟರಿ ಬಾಳುವುದು ಸುಮಾರು ಎರಡು ಗಂಟೆ. ಇಡೀ ರಾತ್ರಿಯ ಆಟವಿರಲಿ, ಕಾಲಮಿತಿಯ ಆಟವನ್ನೂ ಒಂದೇ ಸಲಕ್ಕೆ ನೋಡುವುದು ಕಷ್ಟ. ಆದ್ದರಿಂದ ಪ್ರಸಂಗವನ್ನು ಗಂಟೆ ನಿಮಿಷಗಳ ಲೆಕ್ಕದಲ್ಲಿ ಕತ್ತರಿಸದೆ, ಒಡ್ಡೋಲಗ (ಪಾತ್ರಗಳ ವೈಭವದ ಪ್ರವೇಶ), ಸಂವಾದ, ಯುದ್ಧ ಎಂಬಂತೆ ಪದ್ಯಗಳನ್ನು ಅನುಸರಿಸಿ ಭಾಗ ಮಾಡಿ, ನಿಲ್ಲಿಸಿದ ಪದ್ಯದ ಆರಂಭದಿಂದಲೇ ಮರಳಿ ತೊಡಗುವ ಅನುಕೂಲ ಕೊಡಿ.

ಪ್ರಶ್ನೆ: ಈ ಸಾಧನ ಕಣ್ಣಿನ ಚಲನೆಯನ್ನು ಗುರುತಿಸುತ್ತದೆಯಲ್ಲವೇ? ನೋಡುಗರ ದೃಷ್ಟಿ ಯಾವ ವೇಷದ ಮೇಲೆ ನಿಂತಿದೆಯೋ ಆ ಪಾತ್ರದ ಮತ್ತು ಕಲಾವಿದರ ಹೆಸರು ತಾನಾಗಿ ಮೂಡುವಂತೆ ಮಾಡಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ವಿಷನ್ ಪ್ರೊದಲ್ಲಿ ಆ್ಯಪ್ ನೇರವಾಗಿ ಹಾಗೆ ಮಾಡಲಾಗದು. ದೃಷ್ಟಿ ಎಲ್ಲಿದೆ ಎಂಬುದು ಸಾಧನದ ಕಾರ್ಯಾಚರಣಾ ವ್ಯವಸ್ಥೆಗೆ ತಿಳಿದಿದ್ದರೂ, ಖಾಸಗಿತನದ ದೃಷ್ಟಿಯಿಂದ ಅದನ್ನು ಆ್ಯಪಿಗೆ ತಿಳಿಸುವುದಿಲ್ಲ. ನೋಡಿದ ಗುಂಡಿ ಹೊಳೆಯುವಂತೆ ಮಾಡುವುದೂ ವ್ಯವಸ್ಥೆಯೇ. ಬಳಕೆದಾರರು ಬೆರಳುಗಳನ್ನು ಜೋಡಿಸಿ ಚಿವುಟಿದಾಗ ಮಾತ್ರ ನಿಮ್ಮ ಆ್ಯಪಿಗೆ ಸುದ್ದಿ ಮುಟ್ಟುತ್ತದೆ. ಇಂಥದ್ದೇ ಇನ್ನೊಂದು ಸಾಧನವಾದ ಮೆಟಾ ಕ್ವೆಸ್ಟ್ 3ರಲ್ಲಿ ಕಣ್ಣನ್ನು ಗುರುತಿಸುವ ಏರ್ಪಾಡೇ ಇಲ್ಲ. ಸಾಧ್ಯವಿದ್ದರೂ ನಾನು ಬೇಡವೆನ್ನುತ್ತಿದ್ದೆ, ಏಕೆಂದರೆ ದೃಷ್ಟಿ ಹರಿದಲ್ಲೆಲ್ಲ ಹೆಸರು ಏಳುತ್ತಿದ್ದರೆ ಆಟ ನೋಡುವವರಾರು? ಪಾತ್ರ ಪರಿಚಯದ ಒಂದು ಫಲಕವನ್ನು ರಂಗದ ಕೆಳಗೆ, ಕರೆದಾಗ ಮಾತ್ರ ಬರುವಂತೆ ಇಡಿ. ಅದರ ಗುಂಡಿಗಳು ಒತ್ತೊತ್ತಾಗಿರಬಾರದು: ಐಫೋನಿನಲ್ಲಿ ಬೆರಳಿಗೆ 44 ಪಾಯಿಂಟುಗಳಷ್ಟು (ಪರದೆಯ ವಿನ್ಯಾಸದ ಅಳತೆ) ಜಾಗ ಸಾಕಾದರೆ, ಇಲ್ಲಿ ಗುಂಡಿಗಳ ಮಧ್ಯಬಿಂದುಗಳ ನಡುವೆ ಕನಿಷ್ಠ 60 ಪಾಯಿಂಟುಗಳಿರಬೇಕೆಂದು ಆ್ಯಪಲ್ ಸೂಚಿಸುತ್ತದೆ.

ಪ್ರಶ್ನೆ: ಸಾಧನವನ್ನು ಕೊಳ್ಳದೆಯೇ ಇಂಥ ಆ್ಯಪ್ ತಯಾರಿಸಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಅರ್ಧದವರೆಗೆ ಬರಬಹುದು. ಆ್ಯಪ್ ತಯಾರಿಸಲು ಬಳಸುವ, ಮ್ಯಾಕ್ ಕಂಪ್ಯೂಟರಿನ ಎಕ್ಸ್‌ಕೋಡ್ ತಂತ್ರಾಂಶದಲ್ಲಿ ಸಾಧನವನ್ನು ಪರದೆಯ ಮೇಲೆಯೇ ಅನುಕರಿಸುವ ಸಿಮ್ಯುಲೇಟರ್ ಇದೆ. ಕಿಟಕಿ, ಗುಂಡಿ, ಅಕ್ಷರಗಳ ಜೋಡಣೆಯನ್ನು ಅದರಲ್ಲಿಯೇ ನೋಡಿಕೊಳ್ಳಬಹುದು. ಕುತ್ತಿಗೆ ನೋವು, ತಲೆಸುತ್ತು, ಕಣ್ಣಿನ ದಣಿವುಗಳನ್ನು ಅದು ತೋರಿಸುವುದಿಲ್ಲ. ಸಾಧನವಿರುವ ಪರಿಚಿತರಿಗೆ ಟೆಸ್ಟ್‌ಫ್ಲೈಟ್ (ಆ್ಯಪನ್ನು ಪರೀಕ್ಷೆಗೆ ಹಂಚುವ ಆ್ಯಪಲ್ ಸೇವೆ) ಮೂಲಕ ಕಳುಹಿಸಿ, ಚೆನ್ನಾಗಿದೆಯೇ ಎಂದು ಕೇಳುವುದಕ್ಕಿಂತ, ಎಷ್ಟು ಹೊತ್ತಿಗೆ ತೆಗೆದಿಟ್ಟಿರಿ, ಆಗ ರಂಗದಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿ.