ಎಂಜಿ ಮೇಲೋ, ಟ್ರಯಂಫ್ ಮೇಲೋ?

ಪ್ರಶ್ನೆ: ನನ್ನದು ಎಂಜಿಬಿ, ಗೆಳೆಯನದು ಟ್ರಯಂಫ್ ಟಿಆರ್6, ಎರಡೂ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. ಭಾನುವಾರ ಸಂಡೂರು ಕಡೆ ಹೊರಟರೆ ಸಾಕು, ‘ನಿಂದು ಬರೀ ನಾಲ್ಕು ಸಿಲಿಂಡರ್’ ಅಂತ ಕಾಲೆಳೆಯುತ್ತಾನೆ. ಏನು ಹೇಳಲಿ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ ಬಿಡಿ. ಅವರದು ಆರು ಸಿಲಿಂಡರ್, ಎರಡೂವರೆ ಲೀಟರ್ ಎಂಜಿನ್. ನಿಮ್ಮದು 1798 ಸಿಸಿ. ಆದರೆ ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು. ಟಿಆರ್6 1976ಕ್ಕೇ ನಿಂತಿತು. ಚಹಾ ಕುಡಿಯುವಾಗ ಸುಮ್ನೆ ಇದನ್ನು ನೆನಪಿಸಿ. ಅಲ್ಲದೆ 1968ರಿಂದ ಎರಡೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಕಂಪನಿಯ ಮನೆಯವೇ. ದಾಯಾದಿ ಜಗಳ ಅಲ್ವಾ ಇದು!

ಗಣಿಯ ಕೆಂಪು ಧೂಳಿಗೆ ಪಕ್ಷಪಾತವಿಲ್ಲ, ಇಬ್ಬರೂ ಏರ್ ಫಿಲ್ಟರ್ ಬಿಚ್ಚಿ ನೋಡುತ್ತಿರಿ. ಎರಡಕ್ಕೂ ಬೇಕಾಗುವುದು ಇಂಚಿನ ಸ್ಪ್ಯಾನರ್. ಒಂದೇ ಸೆಟ್ ಸಾಕು. ಅದನ್ನು ಅವರ ಡಿಕ್ಕಿಯಲ್ಲೇ ಇಡಿ. ಆರು ಸಿಲಿಂಡರ್ ಇದೆಯಲ್ಲ, ಭಾರ ಎಳೆಯಲಿ.