ಕನೆಕ್ಟ್ ಆಗುತ್ತೆ, ಆಮೇಲೆ ಸರ್ವರ್ ಹೊರಗೆ ಹಾಕುತ್ತೆ!

ಪ್ರಶ್ನೆ: ಸರ್, ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕಕ್ಕೆ ಬಳಸುವ ಲೈಬ್ರರಿ) ಬಳಸಿ ಸಿ ಭಾಷೆಯಲ್ಲಿ ಒಂದು ಕ್ಲೈಂಟ್ (ಸರ್ವರ್‌ಗೆ ಕನೆಕ್ಟ್ ಆಗುವ ಪ್ರೋಗ್ರಾಂ) ಬರೆದಿದ್ದೇನೆ. ಸರ್ವರ್ ನಮ್ಮಿಂದಲೂ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಕೇಳುತ್ತದೆ. ಎಸ್‌ಎಸ್‌ಎಲ್_ಕನೆಕ್ಟ್ 1 ಕೊಡುತ್ತದೆ, ಅಂದರೆ ಎಲ್ಲ ಸರಿ ಇದೆ ಅಲ್ವಾ? ಆದರೆ ಮೊದಲ ಎಸ್‌ಎಸ್‌ಎಲ್_ರೀಡ್‌ಗೇ ಎರರ್. ಟಿಎಲ್‌ಎಸ್ (ಸಂಪರ್ಕವನ್ನು ಸುರಕ್ಷಿತವಾಗಿಡುವ ಪ್ರೋಟೊಕಾಲ್) 1.2 ಇದ್ದಾಗ ತಪ್ಪಿದ್ದರೆ ಕನೆಕ್ಟ್‌ನಲ್ಲೇ ಗೊತ್ತಾಗುತ್ತಿತ್ತು. ಈಗ 1.3ರಲ್ಲಿ ಎಲ್ಲಿ ಹುಡುಕಲಿ?

ಉತ್ತರ: ರೀಡ್‌ನಲ್ಲಿ ಹುಡುಕಬೇಡಿ, ಸರ್ಟಿಫಿಕೇಟ್ ಲೋಡ್ ಮಾಡುವ ಸಾಲುಗಳನ್ನು ನೋಡಿ. 1.2ರಲ್ಲಿ ಹ್ಯಾಂಡ್‌ಶೇಕ್‌ನ (ಸಂಪರ್ಕ ಶುರುವಾಗುವಾಗಿನ ಪರಿಚಯದ ಮಾತುಕತೆ) ಕೊನೆಯ ಮಾತು ಸರ್ವರ್‌ದು, ಅದಕ್ಕೆ ಕ್ಲೈಂಟ್ ಕಾಯುತ್ತಿತ್ತು. 2018ರಲ್ಲಿ ಬಂದ 1.3ರಲ್ಲಿ ಕೊನೆಯ ಮಾತು ಕ್ಲೈಂಟ್‌ದು. ನಿಮ್ಮ ಸರ್ಟಿಫಿಕೇಟ್, ಅದರ ಸಹಿ, ಹ್ಯಾಂಡ್‌ಶೇಕ್ ಮುಗಿಸುವ ಫಿನಿಶ್ಡ್ ಮೆಸೇಜ್ ಎಲ್ಲ ಒಟ್ಟಿಗೆ ಕಳಿಸಿ ಕ್ಲೈಂಟ್ ತನ್ನ ಕೆಲಸ ಮುಗೀತು ಅಂತ 1 ಕೊಟ್ಟುಬಿಡುತ್ತದೆ. ಸರ್ವರ್ ಅದನ್ನು ನೋಡುವುದೇ ಆಮೇಲೆ. ಟಿಕೆಟ್ ಇಲ್ಲದೆ ಬಸ್ ಹತ್ತಬಹುದು, ಚೆಕಿಂಗ್‌ನವರು ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ, ಅಷ್ಟೇ. ಹಾಗಾಗಿ ಸರ್ವರ್ ಒಪ್ಪಿತು ಅಂತ ಖಾತ್ರಿಯಾಗುವುದು ಅದರಿಂದ ಮೊದಲ ಉತ್ತರ ಓದಿದ ಮೇಲೆ.

ರೀಡ್ ಸೋತಾಗ ಇಆರ್‌ಆರ್_ಪ್ರಿಂಟ್_ಎರರ್ಸ್_ಎಫ್‌ಪಿ ಕರೆಯಿರಿ, ಅಲರ್ಟ್ ನಂಬರ್ (ಸರ್ವರ್ ಯಾಕೆ ಬೇಡ ಅಂದಿತು ಅಂತ ಹೇಳುವ ಸಂಖ್ಯೆ) ಕಾಣುತ್ತದೆ. 116 ಬಂದರೆ ನಿಮ್ಮ ಸರ್ಟಿಫಿಕೇಟ್ ಹೋಗಲೇ ಇಲ್ಲ. ಫೈಲ್ ಲೋಡ್ ಮಾಡುವ ಫಂಕ್ಷನ್ 1 ಕೊಟ್ಟಿತಾ ಅಂತ ನೋಡದೆ ಮುಂದೆ ಹೋಗುವವರೇ ಜಾಸ್ತಿ. ನಿಮ್ಮ ಫೋಲ್ಡರ್‌ನಲ್ಲಿ ಓಡಿಸಿದಾಗ ಸಿಗುವ ಫೈಲ್, ಅದೇ ಪ್ರೋಗ್ರಾಂ ಸರ್ವೀಸ್ ಆಗಿ ಬೇರೆ ಡೈರೆಕ್ಟರಿಯಿಂದ ಶುರುವಾದಾಗ ಸಿಗುವುದಿಲ್ಲ, ಪೂರ್ತಿ ಪಾತ್ ಕೊಡಿ. ಇನ್ನೊಂದು ಇನ್ನೂ ಕಿರಿಕಿರಿ: ಹೊಸ ಕನೆಕ್ಷನ್‌ಗೆ ಎಸ್‌ಎಸ್‌ಎಲ್_ನ್ಯೂ ಕರೆದಾಗ ಕಾಂಟೆಕ್ಸ್ಟ್‌ನಲ್ಲಿ (ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಇರುವುದು ಕಾಪಿ ಆಗುತ್ತದೆ, ಆದ್ದರಿಂದ ಅದಾದ ಮೇಲೆ ಕಾಂಟೆಕ್ಸ್ಟ್‌ಗೆ ಸರ್ಟಿಫಿಕೇಟ್ ಹಾಕಿದರೆ ಎಲ್ಲ ಫಂಕ್ಷನ್ನೂ 1 ಕೊಡುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

48 ಬಂದರೆ ಸರ್ಟಿಫಿಕೇಟ್ ತಲುಪಿದೆ, ಕೊಟ್ಟವರು ಯಾರು ಅಂತ ಸರ್ವರ್‌ಗೆ ಗೊತ್ತಾಗಿಲ್ಲ. ಯೂಸ್_ಸರ್ಟಿಫಿಕೇಟ್_ಫೈಲ್ ಬಳಸಿದ್ದೀರಾ? ಅದು ಫೈಲಿನ ಮೊದಲ ಸರ್ಟಿಫಿಕೇಟ್ ಒಂದನ್ನೇ ಓದುತ್ತದೆ. ಯೂಸ್_ಸರ್ಟಿಫಿಕೇಟ್_ಚೈನ್_ಫೈಲ್ ಬಳಸಿ, ಪೆಮ್ ಫೈಲಿನಲ್ಲಿ (ಸರ್ಟಿಫಿಕೇಟ್‌ಗಳನ್ನು ಅಕ್ಷರ ರೂಪದಲ್ಲಿ ಇಡುವ ಫೈಲ್) ನಿಮ್ಮದು ಮೊದಲು, ಇಂಟರ್‌ಮೀಡಿಯೆಟ್ (ನಿಮ್ಮದಕ್ಕೆ ಸಹಿ ಹಾಕಿದ ನಡುವಿನ ಸರ್ಟಿಫಿಕೇಟ್) ಅದರ ಕೆಳಗೆ. ಆಮೇಲೆ ಪ್ರೈವೇಟ್ ಕೀ (ಸಹಿ ಹಾಕುವ ಗುಟ್ಟಿನ ಕೀ) ಹಾಕಿ, ಚೆಕ್_ಪ್ರೈವೇಟ್_ಕೀ ಕರೆದು ಎರಡೂ ಜೋಡಿಯೇ ಅಂತ ನೋಡಿ.

ಅಂದಹಾಗೆ, ಓದುವ ಮೊದಲು ನೀವೇ ಬರೆಯುವ ಪ್ರೋಗ್ರಾಂ ಆದರೆ ಸಿಗ್‌ಪೈಪ್ (ಮುಚ್ಚಿದ ಕನೆಕ್ಷನ್‌ಗೆ ಬರೆದಾಗ ಬರುವ ಸಿಗ್ನಲ್) ಇಗ್ನೋರ್ ಮಾಡಿ. ಸರ್ವರ್ ಅಷ್ಟರಲ್ಲಿ ಮುಚ್ಚಿದ್ದರೆ ಪ್ರೋಗ್ರಾಂ ಒಂದು ಮಾತೂ ಹೇಳದೆ ಸತ್ತುಹೋಗಬಹುದು.

ಮನೆಯಲ್ಲೇ ಪರೀಕ್ಷೆ ಮಾಡಲು ಓಪನ್‌ಎಸ್‌ಎಸ್‌ಎಲ್‌ನ ಎಸ್_ಸರ್ವರ್ ಎಂಬ ಪರೀಕ್ಷಾ ಸರ್ವರ್ ಸಾಕು. ವೆರಿಫೈ ಆಪ್ಷನ್‌ನ ಮೊದಲಕ್ಷರ ಕ್ಯಾಪಿಟಲ್ ಇರಲಿ. ಸಣ್ಣಕ್ಷರದಲ್ಲಿ ಬರೆದರೆ ಸರ್ಟಿಫಿಕೇಟ್ ಕೇಳುತ್ತದೆ, ಕೊಡದಿದ್ದರೂ ಸುಮ್ನೆ ಬಿಡುತ್ತದೆ.

ಪ್ರಶ್ನೆ: ನಾನು ಸರ್ಟಿಫಿಕೇಟ್ ತೋರಿಸುತ್ತೇನೆ, ಪ್ರೈವೇಟ್ ಕೀ ನನ್ನ ಮಶೀನ್ ಬಿಟ್ಟು ಹೋಗುವುದಿಲ್ಲ. ಹಾಗಿದ್ದ ಮೇಲೆ ಸರ್ವರ್‌ನ ಸರ್ಟಿಫಿಕೇಟ್ ಪರೀಕ್ಷಿಸುವುದು ಯಾಕೆ?

ಉತ್ತರ: ಕೀ ಹೋಗುವುದಿಲ್ಲ ಅನ್ನುವುದು ನಿಜ. ನಿಮ್ಮ ಸಹಿ ಆ ಒಂದು ಹ್ಯಾಂಡ್‌ಶೇಕ್‌ಗೆ ಮಾತ್ರ, ನಡುವೆ ಕೂತವನು ಅದನ್ನೊಯ್ದು ಅಸಲಿ ಸರ್ವರ್‌ಗೆ ಕೊಟ್ಟರೆ ನಡೆಯುವುದಿಲ್ಲ. ಆದರೆ ಅವನಿಗೆ ಅಸಲಿ ಸರ್ವರ್ ಯಾಕೆ ಬೇಕು? ತಾನೇ ಸರ್ವರ್ ಅಂತ ಕೂತು, ನೀವು ಯಾವ ಸರ್ಟಿಫಿಕೇಟ್ ಕೊಟ್ಟರೂ ಸೈ ಅಂದು, ಕಳಿಸಿದ ಡೇಟಾ ಪೂರ್ತಿ ಓದಿಕೊಂಡು, ಸುಳ್ಳು ಉತ್ತರವನ್ನೂ ಕೊಡುತ್ತಾನೆ. ಓಪನ್‌ಎಸ್‌ಎಸ್‌ಎಲ್ ಕ್ಲೈಂಟ್ ತಾನಾಗಿ ಇದನ್ನು ತಡೆಯುವುದಿಲ್ಲ, ಡಿಫಾಲ್ಟ್ ಇರುವುದೇ ವೆರಿಫೈ_ನನ್, ಅಂದರೆ ಪರೀಕ್ಷೆಯೇ ಬೇಡ. ಲೋಡ್_ವೆರಿಫೈ_ಲೊಕೇಶನ್ಸ್‌ನಿಂದ ನಂಬುವ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕೊಡಿ, ಸೆಟ್_ವೆರಿಫೈನಲ್ಲಿ ವೆರಿಫೈ_ಪಿಯರ್ ಹಾಕಿ, ಸೆಟ್1_ಹೋಸ್ಟ್‌ನಲ್ಲಿ ಸರ್ವರ್ ಹೆಸರು ಹೇಳಿ. ಈ ಮೂರನೆಯದನ್ನು ಬಿಟ್ಟರೆ ಅದೇ ಸಿಎ ಬೇರೆ ಯಾರಿಗೋ ಕೊಟ್ಟ ಸರ್ಟಿಫಿಕೇಟ್ ಕೂಡ ಪಾಸಾಗುತ್ತದೆ. ಟಿಎಲ್‌ಎಸ್‌ಎಕ್ಸ್‌ಟಿ_ಹೋಸ್ಟ್_ನೇಮ್‌ನಲ್ಲಿ ಹೆಸರು ಕೊಟ್ಟಿದ್ದೇನಲ್ಲ ಅನ್ನಬೇಡಿ. ಅದು ಯಾವ ಸೈಟ್ ಬೇಕು ಅಂತ ಸರ್ವರ್‌ಗೆ ಹೇಳುವುದಷ್ಟೇ, ಹೆಸರನ್ನು ಪರೀಕ್ಷಿಸುವುದಿಲ್ಲ.